ಮಾರೋ ಗಾಡಿಗೆ ಹಾಕಿದ ಆಯಿಲ್

12-11-2024, ಮಂಗಳವಾರ

ಸಕ್ಕರೆ 182, ಖಾಲಿ ಹೊಟ್ಟೇಲಿ. ದಿನಾ ಬರೆದಿಡ್ರಿ ಅಂದಿದಾರೆ ಡಾಕ್ಟ್ರು. ಹೆಂಡತಿ ವಿಮಲಾ ಯಾವುದೋ ಹಳೇ ಡೈರಿ ಹುಡುಕಿ ಕೊಟ್ಟಳು. ನಂಬರ್ ಬರೆದ ಮೇಲೆ ಇಡೀ ಪೇಜ್ ಖಾಲಿ ಉಳಿಯುತ್ತೆ. ಅದಕ್ಕೇ ಇಷ್ಟು.

ಇವತ್ತು ಎರಡು ಗಾಡಿ ಬ್ರೇಕು, ಒಂದು ಕ್ಲಚ್ಚು. ಕೆಳಗೆ ಮಲಗಿದ್ರೆ ಏಳೋದೇ ಕಷ್ಟ ಈಗೀಗ. ಆಕ್ಸಲ್ ಹಿಡಕೊಂಡು ಏಳಬೇಕು. ತರೀಕೆರೇಲಿ ಶೆಡ್ ಹಾಕಿ ಮೂವತ್ತೊಂದು ವರ್ಷ. ಸಾಕು ಅನ್ಸುತ್ತೆ... ಅನ್ಸಿದ್ರೆ ಆಯ್ತಾ.

14-11-2024, ಗುರುವಾರ, ಮಧ್ಯಾಹ್ನ

ಸಕ್ಕರೆ 176.

ಕಾಂತರಾಜ್ ಬಂದಿದ್ದ, ಕಡೂರಿಂದ. ಎಂಟು ಲಾರಿ ಅವನದ್ದು. ನನ್ನ ಶೆಡ್ ನಡೀತಿರೋದೇ ಅವನ ಗಾಡಿಗಳಿಂದ. ತಂದಿದ್ದು ಹಳೇ ಆರು ಚಕ್ರದ್ದು, ಹತ್ತು ವರ್ಷ ಅಜ್ಜಂಪುರದ ಈರುಳ್ಳಿ ಹೊತ್ತಿದ್ದು. ಓಡಿಸಿ ನೋಡಿದೆ. ಆಕ್ಸಿಲರೇಟರ್ ಕೊಟ್ರೆ ಹಿಂದೆ, ಚಕ್ರ ತಿರುಗಿಸೋ ಗೇರುಗಳಿರೋ ಡಿಫರೆನ್ಶಿಯಲ್ ಹೌಸಿಂಗ್ ಕೂಗುತ್ತೆ. ಬಿಟ್ರೆ ಗೊರಗೊರ.

ಬಿಸಿ ಇರುವಾಗ್ಲೇ ಆಯಿಲ್ ಇಳಿಸಿದೆ. ಮೊದಲು ಆಯಿಲ್ ತುಂಬೋ ಮೇಲಿನ ಪ್ಲಗ್, ಆಮೇಲೆ ಕೆಳಗಿನದು. ಮೇಲಿನದು ಕಚ್ಚಿ ಕೂತಿದ್ರೆ ಆಯಿಲ್ ಖಾಲಿಯಾದ ಗಾಡಿ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತೆ. ಕರಿ ಆಯಿಲ್. ಪ್ಲಗ್ಗಿನ ಮ್ಯಾಗ್ನೆಟ್ ತುಂಬ ಕಬ್ಬಿಣದ ಪುಡಿ. ಒಂದು ಚೂರಂತೂ ಉಗುರಿನಷ್ಟು. ಕೈಯಲ್ಲಿಟ್ಟು ತೋರಿಸಿದೆ.

"ಪಿನಿಯನ್ ಬೇರಿಂಗ್ ಹೋಗಿದೆ ಕಾಂತರಾಜೂ. ಹೌಸಿಂಗ್ ಬಿಚ್ಚಬೇಕು."

"ಮಾರೋ ಗಾಡಿ ಕಣಣ್ಣ. ಶನಿವಾರ ನೋಡಕ್ಕೆ ಬತ್ತಾನೆ ಒಬ್ಬ. ಕೂಗು ನಿಂತ್ರೆ ಸಾಕು. 140 ನಂಬರ್ ದಪ್ಪ ಆಯಿಲ್ ಹಾಕು, ಜತೆಗೆ ಒಂದಿಷ್ಟು ಗ್ರೀಸ್ ಕಲಸು."

"ಇದಕ್ಕೆ 90 ನಂಬರ್ ಆಯಿಲ್ಲೇ ಹಾಕೋದು. ಗ್ರೀಸ್ ಕಲಸಿದ್ರೆ ಬೇರಿಂಗಿಗೆ ಒಂದು ತೊಟ್ಟೂ ಹೋಗಲ್ಲ."

"ನನಗ್ಗೊತ್ತಿಲ್ವಾ? ನಮ್ಮೋನಾಗಿ ಇಷ್ಟು ಮಾಡಕ್ಕಾಗಲ್ವೇನಣ್ಣ?"

ಮಾಡಿದೆ. ಗ್ರೀಸನ್ನ ಬಕೆಟ್ಟಿನಲ್ಲಿ ಆಯಿಲ್ ಜತೆ ಕಲಸಿ, ತುಂಬಿಸಿದೆ. ಮತ್ತೆ ಓಡಿಸಿ ನೋಡಿದೆ. ಕೂಗು ಇಲ್ಲ. ಹೊಸ ಗಾಡಿ ಥರ.

ಬೆನ್ನು ನೋವು.

16-11-2024, ಶನಿವಾರ

ಸಕ್ಕರೆ 201. ರಾತ್ರಿ ಅನ್ನ ತಿಂದಿದ್ದೆ.

ಕೊಳ್ಳೋನು ವೇಣು. ಅಮೃತಾಪುರದ ಚೌಡಪ್ಪನ ಮಗ. ಗೊತ್ತಿದ್ದಿದ್ರೆ... ಏನ್ಮಾಡ್ತಿದ್ದೆ? ಇಪ್ಪತ್ತು ವರ್ಷದಿಂದ ಬೇರೆಯೋರ ಗಾಡಿ ಓಡಿಸ್ತಿದಾನೆ. ಬ್ರೇಕ್ ಸರಿಯಿಲ್ಲ ಅಂದ್ರೆ ಓನರ್ ಹತ್ರ ಜಗಳ ಆಡಿ ಮಾಡಿಸೋ ಜಾತಿಯ ಡ್ರೈವರ್. ಹೆಂಡತಿ ಸಂಘಮಿತ್ರಾನೂ ಬಂದಿದ್ಲು. ಆಸ್ಪತ್ರೇಲಿ ನರ್ಸು. ಮೊದಲನೇ ಸ್ವಂತ ಗಾಡಿ ಅವರದ್ದು.

ಎಲ್ಲಾ ನೋಡಿದ. ಟೈರು, ಸ್ಪ್ರಿಂಗ್ ಪಟ್ಟೆ, ಚಾಸಿ. ಅಜ್ಜಂಪುರ ರೋಡಲ್ಲಿ ಓಡಿಸಿಕೊಂಡೂ ಬಂದ. ಆಮೇಲೆ ನನ್ನ ಹತ್ರ ಬಂದು ನಿಂತ.

"ರುದ್ರಣ್ಣ, ನೀವು ಹೇಳಿ. ತಗೋಬೋದಾ?"

ಕಾಂತರಾಜ್ ಫೋನ್ ನೋಡ್ತಿದ್ದ. ತಲೆ ಎತ್ತಲಿಲ್ಲ.

"ಏನೂ ತೊಂದ್ರೆ ಇಲ್ಲಪ್ಪ" ಅಂದೆ.

"ನೀವಂದ್ರೆ ಸರಿ" ಅಂದ. ಅಷ್ಟೇ. ಬೇರೆ ಯಾರನ್ನೂ ಕೇಳಲಿಲ್ಲ.

3-12-2024, ಮಂಗಳವಾರ

ಹದಿನೈದು ದಿನ ಬರೆದಿಲ್ಲ. ಡಾಕ್ಟ್ರು ಬೈದ್ರು. ಸಕ್ಕರೆ 210.

ವೇಣು ಪೇಡ ತಂದಿದ್ದ. ಮುಂದಿನ ಗ್ಲಾಸಿನ ಮೇಲೆ ಹೆಂಡತಿ ಹೆಸರು ಬರೆಸಿದಾನೆ. ಲಿಂಗದಹಳ್ಳಿ ಮೇಲೆ ಯಾರೋ ರೆಸಾರ್ಟ್ ಕಟ್ತಿದಾರಂತೆ, ಕೆಮ್ಮಣ್ಣುಗುಂಡಿ ರೋಡಲ್ಲಿ. ಸಿಮೆಂಟ್ ಹೊಡೆಯೋ ಕೆಲಸ ಸಿಕ್ಕಿದೆ. ಘಾಟಿ ರೋಡು. ಲೋಡು.

"ಹೌಸಿಂಗ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಣ್ಣ? ಹಳೇ ಗಾಡಿ, ಒಂದ್ಸಲ ಹೊಸದು ಹಾಕ್ಬಿಡಣ ಅಂತ."

"ಈಗ್ಲೇ ಬಿಟ್ಟೋಗು. ನೋಡ್ತೀನಿ."

"ಅಯ್ಯೋ, ಈಗ ಲೋಡ್ ಐತೆ. ಈ ಟ್ರಿಪ್ಪೆಲ್ಲಾ ಮುಗೀಲಿ, ಬತ್ತೀನಿ."

ಹಿಡಿದು ನಿಲ್ಲಿಸ್ಬೇಕಿತ್ತು. ಕೀ ಕಿತ್ಕೋಬೇಕಿತ್ತು. ಸುಸ್ತಾಗಿತ್ತು ನನಗೆ. ಹೋಗ್ಲಿ ಬಿಡು, ಬತ್ತಾನಲ್ಲ ಅಂತ ಸುಮ್ನಾದೆ. ಪೇಡ ತಿನ್ನಲಿಲ್ಲ. ವಿಮಲಾ, ಸಕ್ಕರೆಗೆ ಹೆದರಿದೆ ಅಂದ್ಕೊಂಡು ಖುಷಿಪಟ್ಟಳು.

22-12-2024, ಭಾನುವಾರ, ಸಂಜೆ

ಹೋಯ್ತು.

ಬೆಳಿಗ್ಗೆ ಹತ್ತಕ್ಕೆ ಫೋನು. ಸಿಮೆಂಟ್ ಇಳಿಸಿ ವಾಪಸ್ ಬರ್ತಿದ್ದ. ಕಲ್ಲತ್ತಿಗಿರಿ ದಾಟಿದ ಮೇಲಿನ ಇಳಿಜಾರಲ್ಲಿ ಪಿನಿಯನ್ ಜಾಮ್. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡಡ್ಡ ಜಾರಿ ತಡೆಗೋಡೆಗೆ ಹೊಡೆದು ನಿಂತಿದೆ. ಕೆಳಗೆ ಕಣಿವೆ. ನಾನು ಹೋದಾಗ ಹಿಂದಿನ ಒಂದು ಚಕ್ರ ಗಾಳೀಲಿತ್ತು.

ರಜೆ ಅಂತ ಸಂಘಮಿತ್ರಾನೂ ಜತೇಲಿದ್ಲು, ಮೇಲಿನ ಊರುಗಳನ್ನ ನೋಡಣ ಅಂತ. ಬಲಗೈ ಮಣಿಕಟ್ಟು ಮುರಿದಿದೆ. ವೇಣುಗೆ ಹಣೇಲಿ ನಾಕು ಹೊಲಿಗೆ.

ಆಸ್ಪತ್ರೆ ಬೆಂಚಲ್ಲಿ ಅವನ ಪಕ್ಕ ಕೂತಿದ್ದೆ. "ನಾನೇ ಗೇರ್ ತಪ್ಪು ಹಾಕಿದ್ನೇನೋ ಅಣ್ಣ" ಅಂತಿದ್ದ. ನಾಕೈದು ಸಲ ಅಂದ. ಪ್ರತೀ ಸಲ ಬಾಯಿ ತೆರೆದೆ. ಪ್ರತೀ ಸಲ ಯಾರೋ ಬಂದ್ರು... ಸುಳ್ಳು. ಕೊನೇ ಎರಡು ಸಲ ಯಾರೂ ಬರಲಿಲ್ಲ.

24-12-2024, ಮಂಗಳವಾರ

ವೇಣು ಗಾಡಿ ಎಳೆಸಿ ತಂದ. ಅವನ ಮುಂದೇನೇ ಬಿಚ್ಚಿದೆ. ಆಯಿಲ್ ಹರಿಯಲಿಲ್ಲ. ಮುದ್ದೆ ಮುದ್ದೆಯಾಗಿ ಬಿತ್ತು. ಬೇರಿಂಗ್ ನೀಲಿಗಟ್ಟಿ ಶಾಫ್ಟಿಗೆ ಅಂಟಿಕೊಂಡಿದೆ.

ಬೆರಳಲ್ಲಿ ತಗೊಂಡು ಉಜ್ಜಿ ನೋಡಿದ. "ಇದು ಗ್ರೀಸಲ್ವಾ ಅಣ್ಣ? ಕಾಂತರಾಜ್ ಹಾಕ್ಸಿರ್ಬೇಕು, ಕಳ್ಳ ನನ್ಮಗ."

ಹೂಂ ಅಂದಿದ್ರೆ ಮುಗೀತಿತ್ತು.

"ಹಾಕ್ಸಿದ್ದು ಅವನು. ಹಾಕಿದ್ದು ನಾನು."

ಬೈತಾನೆ, ಹೊಡೀತಾನೆ ಅಂದ್ಕೊಂಡೆ. ಬಟ್ಟೇಲಿ ಕೈ ಒರೆಸ್ಕೊಂಡ. ಒಂದೊಂದೇ ಬೆರಳು.

"ತಗೋಬೋದಾ ಅಂತ ಕೇಳಿದ್ನಲ್ಲಾ ಅಣ್ಣ ನಿಮ್ಮನ್ನ."

"ಕೇಳಿದ್ದೆ."

ಎದ್ದು ಹೋದ. ಚಪ್ಪಲಿ ಇಲ್ಲೇ ಬಿಟ್ಟೋಗಿದಾನೆ.

27-12-2024, ಶುಕ್ರವಾರ

ಮೂರು ದಿನ ಶೆಡ್ ತೆಗೆದಿಲ್ಲ. ವಿಮಲಾಗೆ ಹೇಳಿದೆ. "ಆ ಹುಡುಗಿ ಹತ್ರ ಹೋಗಿದ್ರಾ?" ಅಂದ್ಲು. ಇಲ್ಲ ಅಂದೆ. "ಮತ್ತೆ ನನಗ್ಯಾಕೆ ಹೇಳ್ತೀರಾ?"

ಅಮೃತಾಪುರಕ್ಕೆ ಬಸ್ಸಲ್ಲಿ ಹೋದೆ. ವೇಣು ತಾಯಿ ಉಚ್ಚಂಗಮ್ಮ ನೀರು ತಂದಿಟ್ಟರು. ವೇಣು ಬಾಗಿಲಲ್ಲೇ ನಿಂತಿದ್ದ. ಸಂಘಮಿತ್ರಾ ಕೈಗೆ ಪಟ್ಟಿ ಹಾಕ್ಕೊಂಡು ಕೂತಿದ್ಲು. ತಪ್ಪಾಯ್ತಮ್ಮಾ ಅಂದೆ.

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಕೊಳ್ಳೋನು ನಿಮ್ಮೋನೇ ಆಗಿದ್ರೆ ಹಾಕ್ತಿದ್ರಾ?" ಅಂದ್ಲು.

ಹಾಕಿದಾಗ ಕೊಳ್ಳೋನು ಯಾರು ಅಂತ ನನಗೆ ಗೊತ್ತಿರಲಿಲ್ಲ — ಅನ್ನಬಹುದಿತ್ತು. ನಿಜವೇ. ಆದರೆ ಶನಿವಾರ ಗೊತ್ತಾಯ್ತಲ್ಲ. ಆಗ ವೇಣು ಬದಲು ನಮ್ಮ ಭಾವಮೈದ ಬಂದು ನಿಂತಿದ್ರೆ, ಪಕ್ಕಕ್ಕೆ ಕರೆದು ಬೇಡ ಕಣೋ ಅಂತಿದ್ದೆ. ಅಂತಿದ್ದೆ. ಬರೀತಿರುವಾಗ ಇನ್ನೂ ಖಾತ್ರಿಯಾಗ್ತಿದೆ.

"ನಮ್ಮೋನಾಗಿದ್ರೆ, ಗೊತ್ತಾದ ಮೇಲೆ ಹೇಳ್ತಿದ್ದೆ ಅವನಿಗೆ" ಅಂದೆ.

ಅವಳು ತಲೆ ಆಡಿಸಿದ್ಲು. ಸಿಟ್ಟಿರಲಿಲ್ಲ ಮುಖದಲ್ಲಿ. ಗೊತ್ತಿದ್ದ ವಿಷಯ ಕೇಳಿದ ಹಾಗೆ. ಆಮೇಲೆ ವೇಣು ಕಡೆಗೆ ನೋಡಿದ್ಲು.

"ಇದನ್ನ ಕಡೂರಲ್ಲಿ ನಾಕು ಜನದ ಮುಂದೆ ಹೇಳ್ತೀರಾ?" ಅಂದ ವೇಣು.

30-12-2024, ಸೋಮವಾರ

ಸಕ್ಕರೆ ನೋಡಿಲ್ಲ.

ಕಡೂರಿನ ಲಾರಿ ಸ್ಟ್ಯಾಂಡು. ಮಲ್ಲಿಕಾರ್ಜುನ ಅಂತ ಹಿರೇ ಓನರ್ ಒಬ್ಬರು ಕೂತು ಕೇಳಿದ್ರು. ಕಾಂತರಾಜ್ ಮೊದಲು ನಕ್ಕ. ವೇಣುಗೆ ಗಾಡಿ ಓಡಿಸೋಕೆ ಬರಲ್ಲ ಅಂದ. ನಾನು ಹೇಳಿದೆ. ಯಾವ ದಿನ, ಎಷ್ಟು ಗ್ರೀಸು, ಮ್ಯಾಗ್ನೆಟ್ ಮೇಲೆ ಏನಿತ್ತು, ಅವನೇನಂದ, ನಾನೇನಂದೆ. ಡ್ರೈವರ್‌ಗಳೆಲ್ಲಾ ಚಾ ಬಿಟ್ಟು ಎದ್ದು ಬಂದು ನಿಂತಿದ್ರು. ಕಾಂತರಾಜಿಗೆ ಮಲ್ಲಿಕಾರ್ಜುನರಿಗಿಂತ ಭಾರ ಆಗಿದ್ದು ಅವರೇ.

ಹೌಸಿಂಗಿನ ಸಾಮಾನು, ಆಸ್ಪತ್ರೆ ಖರ್ಚು ಎರಡೂ ಕಾಂತರಾಜೇ ನೋಡ್ಕೋತಾನೆ ಅಂತ ಆಯ್ತು. ಕೆಲಸ ನಂದು.

ಹೊರಡುವಾಗ ಕಾಂತರಾಜ್ ಹತ್ರ ಬಂದ. "ನಮ್ಮೋನಾಗಿ ಹಿಂಗ್ ಮಾಡ್ಬಿಟ್ಯಲ್ಲಣ್ಣ. ನನ್ನ ಒಂದು ಗಾಡೀನೂ ಇನ್ನ ತರೀಕೆರೇಲಿ ನಿಲ್ಲಲ್ಲ."

ಬಸ್ಸಲ್ಲಿ ನಿದ್ದೆ ಹತ್ತಿಬಿಡ್ತು. ಕಂಡಕ್ಟರ್ ಎಬ್ಬಿಸಿದ.

9-1-2025, ಗುರುವಾರ

ಶೆಡ್ಡಲ್ಲಿ ಒಂದೇ ಗಾಡಿ. ವೇಣೂದು. ಹೊಸ ಗೇರ್ ಸೆಟ್ ಕೂರಿಸಿ, ಹಲ್ಲು ಹಲ್ಲಿಗೆ ಸರಿಯಾಗಿ ಕೂರೋ ತನಕ ಮೂರು ಸಲ ಬಿಚ್ಚಿದೆ. ವೇಣು ದಿನಾ ಬಂದು ಸ್ಟೂಲ್ ಹಾಕ್ಕೊಂಡು ಕೂರ್ತಾನೆ. ನನ್ನ ಕೈ ನೋಡ್ತಾನೆ. ಒಂದು ಬೋಲ್ಟ್ ಬಿಗಿ ಮಾಡಿದ್ರೂ ಎದ್ದು ಬಂದು ನೋಡ್ತಾನೆ. ನೋಡ್ಲಿ.

10-1-2025, ಶುಕ್ರವಾರ, ಬೆಳಿಗ್ಗೆ

ಆಯಿಲ್ ಅವನೇ ತಂದ. ಸೀಲ್ ಒಡೆಯದ ಕ್ಯಾನು, ಎರಡು ಅಂಗಡಿ ಅಲೆದು. ಮೇಲಿನ ಅಕ್ಷರ ಬೆರಳಿಟ್ಟು ಓದಿದ. 90. ಜಿಎಲ್-5.

"140 ಯಾಕೆ ಬೇಡ?" — ಹದಿನೇಳು ದಿನದ ಮೇಲೆ ಕೆಲಸದ ಬಗ್ಗೆ ಕೇಳಿದ ಮೊದಲನೇ ಮಾತು.

"ಕೆಲವು ಗಾಡಿಗೆ ಅದೇ ಸರಿ. ಇದರ ಪುಸ್ತಕದಲ್ಲಿ 90 ಅಂತಿದೆ. ದಪ್ಪ ಆದ್ರೆ ಬೆಳಗಿನ ಚಳೀಲಿ ಬೇರಿಂಗ್ ತನಕ ಹೋಗಕ್ಕೆ ಹೊತ್ತು ಹಿಡಿಯುತ್ತೆ."

"ಪುಸ್ತಕ ಎಲ್ಲಿ?"

ತೋರಿಸಿದೆ. ಓದಿದ. ಆಮೇಲೆ ತಾನೇ ಸುರಿದ, ಮೇಲಿನ ತೂತಿಂದ ತೆಳ್ಳಗೆ ಹೊರಗೆ ಹರಿಯೋ ತನಕ. ನಿಂತ ಮೇಲೆ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿದ. ನಾನು ಸ್ಪ್ಯಾನರ್ ಮುಟ್ಟಲಿಲ್ಲ.

"ಘಾಟಿ ಇಳಿಸಿ ನೋಡ್ತೀನಿ. ನೀವೂ ಬನ್ನಿ" ಅಂದ. ಕರೆದಿದ್ದಲ್ಲ ಅದು. ಸಂಘಮಿತ್ರಾ ಕೂತಿದ್ದ ಕಡೆ ಕೂತ್ಕೊಳ್ಳಿ ಅಂದಿದ್ದು.

ಬತ್ತೀನಿ ಅಂದೆ. ಮಾತ್ರೆ ತಗೊಳ್ಳೋಕೆ ಒಳಗೆ ಬಂದೆ, ಇಷ್ಟು ಬರೆದೆ. ಹೆದರಿಕೆ ಇಲ್ಲ. ಮೂರು ಸಲ ಬಿಚ್ಚಿ ಕೂರಿಸಿದೀನಿ, ಕೆಲಸ ಸರಿಯಾಗಿದೆ. ಇಲ್ಲ, ಹೆದರಿಕೆ ಇದೆ. ಆಸ್ಪತ್ರೆ ಬೆಂಚಲ್ಲೇ ಯಾಕೆ ಹೇಳ್ಲಿಲ್ಲ ಅಂತ ಇಳಿಜಾರಲ್ಲಿ ಅವನು ಕೇಳಿದ್ರೆ? ಕೇಳ್ಲಿ. ಹಾರ್ನ್ ಹೊಡೀತಿದಾನೆ. ಕೇಳದೇ ಇದ್ರೂ ನಾನೇ —