ಖಾಲಿ ಉಂಡಿ ಡಬ್ಬಿ

ಯಣ್ಣಾ,

ಈ ಚೀಟಿ ನಿನ್ನ ಕೈಗೆ ಸಿಕ್ಕೈತಿ ಅಂದ್ರ, ಓಡಿ ಬಂದಾಂವ ಸೀದಾ ಶೇಂಗಾ ಉಂಡಿ ಡಬ್ಬಿಗೇ ಕೈ ಹಾಕೀದಿ. ನನಗ ಗೊತ್ತಿತ್ತು. ಮೆಸೇಜ್ ಹಾಕಿದ್ರ ಬರೇ ನಗೂ ಗೊಂಬಿ ಕಳಸ್ತಿ, ಅದಕ್ಕ ಪೆನ್ ಹಿಡದೇನಿ. ಬೆರಳು ನೋಯಾಕತ್ತಾವು.

ಉಂಡಿ ಎಲ್ಲಾ ನಾ ಕಾಲೇಜಿಗೆ ಒಯ್ದೇನಿ, ಹುಡುಕ್ಯಾಡಬ್ಯಾಡ. ಒಲಿ ಬಾಜುಕ ಮೊಳಕಿ ಕಟ್ಟಿದ ಮಡಿಕಿಕಾಳ ಇಟ್ಟೇನಿ, ಅದನ್ನ ತಿನ್ನು.

ಇನ್ನ ನಿನ್ನ ಓಟದ ಮಾತು. ನಿನ್ನ ಫೋನಿನ್ಯಾಗ ಓಟ ಅಳಿಯೂ ಆ್ಯಪ್ ಹಾಕಿ ಕೊಟ್ಟಾಕಿ ನಾನ. ನಿನ್ನೆ ನೀ ತಾಸಿಗೆ ನಲವತ್ತೆರಡು ಕಿಲೋಮೀಟರ್ ಓಡೀದಿ ಅಂತ ತೋರಸ್ತೈತಿ. ಹಂಗ ಓಡಾಂವ ದೇಶದಾಗ ಯಾಂವನೂ ಇಲ್ಲ. ನಿನ್ನ ದೋಸ್ತ ರಮಜಾನ್‌ನ ಬೈಕಿನ ಹಿಂದ ಕುಂತು ನವಲಗುಂದಕ್ಕ ಮಿರ್ಚಿ ತಿನ್ನಾಕ ಹೋಗಾಂವ ಫೋನ್ ಆರ ಬಂದ್ ಮಾಡಬೇಕಿಲ್ಲೋ? ಸುಳ್ಳ ಹೇಳಾಕೂ ಬರಂಗಿಲ್ಲ, ಪೊಲೀಸ್ ಆಗ್ತಾನಂತ ಪೊಲೀಸ್.

ಪೊಲೀಸ್ ಭರ್ತಿ ಓಟಕ್ಕ ಹನ್ನೆರಡ ದಿನ ಉಳದಾವು. ಹೋದ ವರ್ಷ ಎಂಟ ಸೆಕೆಂಡಿಗೆ ಫೇಲ್ ಆದಿ. ಆಮ್ಯಾಲ ಮೂರ ದಿನ ಚಾದರ್ ಹೊದ್ದು ಗೋಡಿ ಕಡೆ ಮುಖ ಮಾಡಿ ಮಲ್ಕೊಂಡಿದ್ದಿ. ಜ್ವರ ಬಂದಾವು ಅಂತ ಅವ್ವಗ ಹೇಳಿದಾಕಿ ನಾನ. ಈ ಸಲ ಹೇಳಂಗಿಲ್ಲ.

ಇವತ್ತ ಸಂಜಿಕ ಸೈಕಲ್ ಹೊಡಿ, ಕೆರಿ ತನಕ ಹೋಗಿ ಬಾ. ರಮಜಾನ್ ಬೈಕ್ ಹಿಡಕೊಂಡ ಅಲ್ಲ. ರಾತ್ರಿ ಎರಡ ರೊಟ್ಟಿ ಸಾಕು.

ನಾಳೆ ಮುಂಜಾನೆ ಐದಕ್ಕ ಏಳು, ನಾಳೆ ಓಡೂ ತಾಲೀಮು. ಸೈಕಲ್ ನಾ ಹೊಡೀತೇನಿ, ನೀ ಹಿಂದ ಓಡಿ ಬಾ. ಬುಟ್ಟ್ಯಾಗ ಒಂದ ಉಂಡಿ ಇಟ್ಟಿರ್ತೇನಿ. ನನ್ನ ಹಿಡದ್ರ ನಿಂದು.

ಸೌಂದರ್ಯಾ