ಮಂಗಳವಾರ, ಗುರುವಾರದ ಗಣಿತ

ಸ್ಟೋನಿ ಕ್ರೀಕ್, ಕೆಂಟಕಿ
ಡಿಸೆಂಬರ್ 14

ಮುದ್ದಿನ ಟೆಸ್ಸಾ,

ಚೆನ್ನಾಗಿದ್ದೀಯಾ? ನೀನು ಕಾಲೇಜು ಬಿಟ್ಟು ಒಹಾಯೊಗೆ, ಚಿಕ್ಕಮ್ಮನ ಮನೆಗೆ ಹೋಗಿ ಆರು ವಾರವಾಯಿತು. ಕಾಗದ ತಡವಾಯಿತು, ಬೈದುಕೋ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಗಣಿ ಸೇರಿದವನ ಕೈಗೆ ಪೆನ್ನು ಒಗ್ಗುವುದಿಲ್ಲ. ನೀನಂತೂ ಫೋನ್ ಎತ್ತುವುದಿಲ್ಲ.

ಗಣಿಯ ಕಲ್ಲಿದ್ದಲ ದೂಳು ಕುಡಿದ ನನ್ನ ಎದೆ ಹಾಗೇ ಇದೆ. ಆಸ್ಪತ್ರೆಗೆ ಈಗ ಕೌಂಟಿ ಸರ್ಕಾರದ ವ್ಯಾನಿನಲ್ಲಿ ಹೋಗುತ್ತೇನೆ. ಚಾಲಕ ಡೆಲ್ಬರ್ಟ್ ದಾರಿಯುದ್ದಕ್ಕೂ ತನ್ನ ಬೇಟೆನಾಯಿಯ ಪುರಾಣ ಹೇಳುತ್ತಾನೆ. "ಆ ನಾಯಿಗೂ ಸ್ವಲ್ಪ ಬೊಗಳೋಕೆ ಬಿಡಯ್ಯ" ಅಂದೆ. ನಕ್ಕು, ಮತ್ತೆ ಶುರು ಮಾಡಿದ.

ನಿನ್ನೆ ಕಾಲೇಜಿನ ಮಿಸೆಸ್ ಕಾಂಬ್ಸ್ ಮನೆಗೆ ಬಂದಿದ್ದರು. ಮೊದಲ ವರ್ಷದ ಮಕ್ಕಳು ನಡುವೆ ಬಿಟ್ಟುಹೋಗದಂತೆ ನೋಡಿಕೊಳ್ಳುವವರು. ನಾನು ಬಾಗಿಲಲ್ಲೇ ನಿಲ್ಲಿಸಿದೆ. ಆಕೆ ಜಗ್ಗಲಿಲ್ಲ. ಒಳಗೆ ಬಂದು, ನಾನು ಕೊಟ್ಟ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ತಿಂದು, ನಿನ್ನ ಮಾತೆತ್ತಿದರು. ನರ್ಸಿಂಗ್‌ಗೆ ಬೇಕಾದ ಪಾಠಗಳಲ್ಲೆಲ್ಲ ನೀನೇ ಮುಂದಿದ್ದೆಯಂತೆ. ಸೋತದ್ದು ಗಣಿತದಲ್ಲಿ ಮಾತ್ರ, ಅದೂ ಮಂಗಳವಾರ, ಗುರುವಾರ ತರಗತಿಗೆ ಹೋಗದೆ. ಜನವರಿ ಹತ್ತರೊಳಗೆ ಬಂದರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಆಮೇಲೆ ಆ ಜಾಗ ಬೇರೆಯವರಿಗೆ.

"ಅವಳೇನು ದಡ್ಡಿ ಅಲ್ಲ ಯಜಮಾನ್ರೇ. ಎಲ್ಲಾ ಒಬ್ಳೇ ಹೊತ್ಕೊಂಡ್ಲು, ಅಷ್ಟೇ" ಅಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡ.

ಅಲ್ಲಿ ನೀನು ಸೇರಿಕೊಂಡಿರುವ ಕೋಳಿಮಾಂಸ ಪ್ಯಾಕ್ ಮಾಡುವ ಕೆಲಸ ಕೆಟ್ಟದ್ದಲ್ಲ. ಆದರೆ ನನ್ನ ನಾಡಿ ಹಿಡಿದು ಎಣಿಸುವಾಗ ನಿನ್ನ ಮುಖ ಹೇಗಿರುತ್ತಿತ್ತು ಎಂದು ನೋಡಿದ್ದೇನೆ. ವಾಪಸು ಬಾ. ನನ್ನನ್ನು ನೋಡಿಕೊಳ್ಳಲಿಕ್ಕಲ್ಲ, ಓದಲಿಕ್ಕೆ.

ದೇವರು ನಿನ್ನ ಕೈಬಿಡದಿರಲಿ.

ನಿನ್ನ ಅಜ್ಜ,
ಎಲ್ಡನ್

ತಾ.ಕ.: ಹೊರಡುವ ದಿನ ನೀನು ಅಂದೆ, "ಎರಡು ತಿಂಗ್ಳು ಗಣಿತದ ಕ್ಲಾಸಿಗೆ ಹೋಗ್ಲಿಲ್ಲ ಅಜ್ಜ. ಕಾಲೇಜಲ್ಲಿ ಒಬ್ರೂ ಯಾಕೆ ಅಂತ ಕೇಳ್ಲಿಲ್ಲ."

ಕೇಳಿದ್ದರು. ಈ ಕಣಿವೆಯಲ್ಲಿ ಮೊಬೈಲ್ ಸಿಗದೆಂದು ನೀನು ಕೊಟ್ಟಿದ್ದ ಮನೆಯ ನಂಬರಿಗೆ ಮಿಸೆಸ್ ಕಾಂಬ್ಸ್ ಮೂರು ಸಲ ಫೋನ್ ಮಾಡಿದ್ದರು. ಮಂಗಳವಾರ, ಗುರುವಾರ ನೀನು ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೀಯ ಎಂದು ಅವರಿಗೆ ಹೇಳಿದೆ. ಹಾಗಾದರೆ ನನಗೆ ವ್ಯಾನು ಗೊತ್ತುಮಾಡುತ್ತೇವೆ, ನಿನ್ನನ್ನು ಕ್ಲಾಸಿಗೆ ಕಳಿಸಿ ಎಂದರು. "ನಮ್ಮೋರನ್ನ ನಾವೇ ನೋಡ್ಕೋತೀವಿ. ಯಾರ ದಾನಾನೂ ಬೇಡ" ಅಂದೆ. ಇಲ್ಲಿ ನಾವೆಲ್ಲ ಹಾಗೆ ಹೇಳಿಯೇ ಬೆಳೆದವರು. ನಿನಗೂ ಬೇಡವಂತೆ ಎಂದು ನಿನ್ನ ಹೆಸರಲ್ಲಿ ಸುಳ್ಳನ್ನೂ ಸೇರಿಸಿ ಫೋನ್ ಇಟ್ಟೆ.

ದಾನ ಬೇಡವೆಂದದ್ದೂ ಪೂರ್ತಿ ನಿಜವಲ್ಲ ಮಗಳೇ. ನೀನು ಕಾರು ಓಡಿಸುವಾಗ ಪಕ್ಕದಲ್ಲಿ ಕೂರುವುದು ನನಗೆ ಇಷ್ಟವಾಗಿತ್ತು.