ನೀರಿಗೆ ಬೆನ್ನು ಮಾಡಿದ ಮನೆಗಳು

ಹೆಗ್ಗಡದೇವನಕೋಟೆ
ಏಪ್ರಿಲ್ ೨೭, ೨೦೨೫, ಭಾನುವಾರ

ಪ್ರೀತಿಯ ದೇವು,

ಹೇಗಿದ್ದೀಯಪ್ಪ? ಕಾರವಾರದ ಸೆಕೆಗೆ ನಿನ್ನ ಬೆನ್ನ ತುಂಬ ಬೆವರುಸಾಲೆ ಎದ್ದಿದೆ ಎಂದು ಸುಕನ್ಯ ಹೇಳಿದಳು. ಬಂದರಿನ ಕೆಲಸ ಮುಗಿದ ಕೂಡಲೇ ತಣ್ಣೀರು ಸ್ನಾನ ಮಾಡು, ಪೌಡರ್ ಸುರಿದುಕೊಂಡು ಕೂರಬೇಡ. ಪುಟ್ಟಿಯ ಕೆಮ್ಮು ನಿಂತಿತೇ? ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಮಂಡಿ ನೋವು ಎನ್ನುತ್ತಲೇ ಬೆಳಗಾಗುವುದರೊಳಗೆ ಎದ್ದು ಬೀದಿಯ ಕಣಗಿಲೆ ಹೂವನ್ನೆಲ್ಲ ಕಿತ್ತು ತರುತ್ತಾಳೆ. ಪಕ್ಕದ ಮನೆಯವರ ಗೊಣಗಾಟ ಕೇಳುವುದು ನನ್ನ ಪಾಲಿಗೆ. ನಾನೂ ಆರೋಗ್ಯ. ಕಾಲೇಜಿಗೆ ರಜೆ, ಆದರೆ ನಿನ್ನ ಹೊಸ ಮನೆ ಕಟ್ಟಿಸುವ ದೆಸೆಯಿಂದ ಒಂದು ಪುಸ್ತಕವನ್ನೂ ನೆಟ್ಟಗೆ ಓದಲಾಗಿಲ್ಲ.

ವಾಟ್ಸಾಪಿನಲ್ಲಿ ಬರೆದರೆ ನೀನು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಫೋನು ಮಾಡಿದರೆ ಮಾತು ಜಗಳಕ್ಕೆ ತಿರುಗುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ಆಮೇಲೆ ಸಿಟ್ಟು ಮಾಡಿಕೋ.

ನಿನ್ನ ಆರ್ಕಿಟೆಕ್ಟ್ ನಮ್ಮ ಜಾಗ ನೋಡಿದ್ದು ಅಕ್ಟೋಬರಿನಲ್ಲಿ. ಕಬಿನಿ ತುಂಬಿತ್ತು, ಹಿನ್ನೀರು ಹೊಲದ ಬದುವಿನ ತನಕ ಬಂದು ನಿಂತಿತ್ತು. ಆತ ಅದನ್ನು ಕಡಲೆಂದುಕೊಂಡ. ದಿನಾ ಕಡಲು ನೋಡುವ ನೀನೂ ಹೂಂ ಎಂದೆ. ನಕ್ಷೆಯ ನೆತ್ತಿಯ ಮೇಲೆ ‘ಪ್ರಕೃತಿಯೊಂದಿಗೆ ಬೆರೆಯುವ ಆಧುನಿಕ ಕರಾವಳಿ ಮನೆ’ ಎಂದು ಬರೆದಿತ್ತು. ಅದನ್ನು ಓದಿದ ಮೇಸ್ತ್ರಿ ವೀರಭದ್ರಸ್ವಾಮಿ, ‘ಮೇಡಮ್ಮೋರೆ, ಕರಾವಳಿ ಅಂದ್ರೆ ಮಂಗ್ಳೂರ್ ಕಡೆಯಲ್ವ್ರಾ?’ ಎಂದು ಕೇಳಿದರು. ನಾನು ಏನು ಹೇಳಲಿ? ಕಟ್ಟಿ ಎಂದೆ. ಕಟ್ಟಿದರು. ಬಿಳೀ ಗೋಡೆ, ಮುಂದೆ ಕಂಬಗಳ ಮೇಲೆ ಮರದ ಹಲಗೆಯ ಡೆಕ್ಕು, ನೀರಿನ ಕಡೆ ಗೋಡೆಯೇ ಇಲ್ಲದೆ ಉದ್ದಕ್ಕೂ ಗಾಜಿಗೆಂದು ಬಿಟ್ಟ ಜಾಗ.

ಈಗ ಬಂದು ನೋಡು. ನೀರು ಎಲ್ಲೋ ದೂರದಲ್ಲಿ ಒಂದು ಗೆರೆಯಾಗಿದೆ. ನಡುವೆ ಬಿರಿದ ಕೆಸರು, ಅಲ್ಲಲ್ಲಿ ಹುಲ್ಲು, ಊರಿನ ದನ. ಗಾಳಿಗೆ ಹಾರುವ ಕೆಮ್ಮಣ್ಣು ಮೆತ್ತಿಕೊಂಡು ಬಿಳೀ ಗೋಡೆ ಮಂಡಿಯವರೆಗೆ ಕೆಂಪಾಗಿದೆ. ಡೆಕ್ಕಿನ ಮೇಲೆ ಮೇಕೆಗಳು ಮಲಗಿ ಮೆಲುಕು ಹಾಕುತ್ತವೆ, ಪ್ರಕೃತಿಯೊಂದಿಗೆ ಬೆರೆತದ್ದು ಅಷ್ಟೇ. ಕಾಲೋನಿಯ ಸಿದ್ದಲಿಂಗಮ್ಮ ಬಂದು ಸೊಂಟಕ್ಕೆ ಕೈಕೊಟ್ಟು ನಿಂತು, ‘ಅಲ್ಲ ಕಣವ್ವ, ಇಷ್ಟ್ ದೊಡ್ಡ ಗಾಜು ಮಡಗುದ್ರೆ ಆನೆ ಬಂದು ಮಕ ನೋಡ್ಕಂಡು ಬೈತಲೆ ತಕ್ಕಂಡು ಓಯ್ತದೆ ಬುಡು’ ಎಂದಳು. ಆಳುಗಳೆಲ್ಲ ನಕ್ಕರು. ನನಗೂ ನಗು ಬಂತು. ಮನೆಗೆ ಬಂದಮೇಲೆ ಮಾತ್ರ ಅಳು ಬಂದ ಹಾಗಾಯಿತು.

ಸುತ್ತಮುತ್ತಲಿನೊಂದಿಗೆ ಬೆರೆಯಬೇಕೆಂದರೆ ಸುತ್ತಲಿನ ಮನೆಗಳನ್ನೂ ಒಮ್ಮೆ ನೋಡಬೇಡವೇ? ಕಾಲೋನಿಯ ಒಂದು ಮನೆಗೂ ನೀರಿನ ಕಡೆ ಬಾಗಿಲಿಲ್ಲ, ಕಿಟಕಿ ಸಹ ಇಲ್ಲ. ಆ ಕಡೆಗೆ ಬಚ್ಚಲು ಕಟ್ಟಿದ್ದಾರೆ, ಸೌದೆ ಒಟ್ಟಿದ್ದಾರೆ. ನಿನ್ನ ಆರ್ಕಿಟೆಕ್ಟ್ ಅದನ್ನು ಕಂಡು, ಪಾಪ ಇವರಿಗೆ ವ್ಯೂ ಅಂದರೆ ಗೊತ್ತಿಲ್ಲ ಎಂದ. ಅವನಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತಲ್ಲ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನಿಂದ ಎದ್ದು ಬಂದ ಜನ ಅವರು. ಅವ್ವ ಆ ಊರಿಗೆ ಸೊಸೆಯಾಗಿ ಬಂದು ಮೂರನೆಯ ವರ್ಷಕ್ಕೇ ಗಂಟುಮೂಟೆ ಕಟ್ಟಿದವಳು. ನಾವಿಬ್ಬರೂ ಹುಟ್ಟಿದ್ದು ಕಾಲೋನಿಯಲ್ಲಿ, ನಮಗದು ಬರೀ ಹಿನ್ನೀರು. ಅವಳ ಬಾಯಲ್ಲಿ ನೀರು ಎಂಬ ಮಾತೇ ಅಪರೂಪ. ‘ಆ ಕಡೆ’ ಅನ್ನುತ್ತಾಳೆ, ಅಷ್ಟೆ.

ಶ್ರಾವಣದಲ್ಲಿ ಗೃಹಪ್ರವೇಶ, ಆಮೇಲೆ ಊರಿಗೇ ಬಂದುಬಿಡುತ್ತೇವೆ, ಅವ್ವ ನಮ್ಮ ಜೊತೆಗೇ ಇರುತ್ತಾಳೆ ಎಂದು ನೀನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೀಯ. ಅವಳೋ, ಪಾಯ ಪೂಜೆಯ ದಿನ ತುಂಬಿದ ನೀರಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ತೀರ್ಥ ಕೂಡ ತೆಗೆದುಕೊಳ್ಳದೆ ಕಾರು ಹತ್ತಿದವಳು ಮತ್ತೆ ಅಲ್ಲಿಗೆ ಕಾಲಿಟ್ಟಿಲ್ಲ. ಪ್ರತಿ ಭಾನುವಾರ ಕರೆಯುತ್ತೇನೆ. ‘ನೀರು ಇಳೀಲಿ, ನೋಡನ ಬುಡು’ ಎಂದು ಸಾಗಹಾಕುತ್ತಾಳೆ. ನೀನು ಮಾತ್ರ ಗಾಜಿನ ಎದುರಿಗೇ ಅವ್ವನ ಮಂಚ ಹಾಕುತ್ತೇನೆ ಎಂದು ಹೆಮ್ಮೆಯಿಂದ ಬರೆಯುತ್ತೀಯ. ಕಣ್ಣು ಬಿಟ್ಟರೆ ಮುಳುಗಿದ ಊರು, ಮುಚ್ಚಿದರೂ ಅದೇ. ಅವಳನ್ನು ಹೇಗಪ್ಪ ಅಲ್ಲಿ ಮಲಗಿಸುತ್ತೀಯ? ಇಷ್ಟನ್ನೇ ಎಷ್ಟು ಸಲ ಹೇಳಿದೆ! ನಿನ್ನ ಉತ್ತರ ಏನು? ಬೇಸಿಗೆಯಲ್ಲಿ ಆ ಕೆಸರು ಅಸಹ್ಯವಾಗಿ ಕಾಣುತ್ತದೆ, ಅಡ್ಡಕ್ಕೆ ಒಂದು ಸಾಲು ಬಿದಿರು ಹಾಕಿಸೋಣ, ಮಳೆಗಾಲ ಬಂದಾಗ ಸವರಿದರಾಯಿತು! ನಾನು ಅವ್ವನ ಮಾತು ಎತ್ತಿದರೆ ನೀನು ಕೆಸರಿನ ಮಾತು ಆಡುತ್ತೀಯ. ಮೇಲೆ ಒಂದು ಚುಚ್ಚು ಮಾತು ಬೇರೆ, ‘ಕವಿತೆ ಓದೋ ನಿಂಗೇ ನೀರು ಬೇಡ್ವಾಯ್ತಾ ಅಕ್ಕ’ ಎಂದು. ಓದುತ್ತೇನೆ, ನಿಜ. ಆದರೆ ಕವಿತೆಯಲ್ಲಿ ಬರುವ ನೀರಿನ ಕೆಳಗೆ ನಮ್ಮ ಅವ್ವನ ಅಡುಗೆಮನೆ ಇಲ್ಲ.

ಅದಕ್ಕೇ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಬುಧವಾರ ಬರಬೇಕಿದ್ದ ಗಾಜನ್ನು ಬೇಡ ಎಂದಿದ್ದೇನೆ. ಆ ಜಾಗಕ್ಕೆ ಇಟ್ಟಿಗೆ ಕಟ್ಟಿ, ಮೇಲೆ ಗಾಳಿಗೆ ಒಂದು ಸಣ್ಣ ಕಿಂಡಿ ಬಿಡಿ ಎಂದು ಮೇಸ್ತ್ರಿಗೆ ನೆನ್ನೆಯೇ ಹೇಳಿದೆ. ‘ಯಜಮಾನ್ರು ಬೈದ್ರೆ?’ ಎಂದು ತಲೆ ಕೆರೆದುಕೊಂಡರು. ಅವನ ಅಕ್ಕ ನಾನಿದ್ದೇನೆ ಎಂದೆ. ಬೈಯುವುದಿದ್ದರೆ ನನಗೇ ಬೈಯಿ. ಮನೆ ನಿನ್ನದು, ಆದರೆ ನೀವೆಲ್ಲ ಹೊರಗೆ ಹೋದಮೇಲೆ ದಿನವಿಡೀ ಅದರೊಳಗೆ ಕೂರುವವಳು ಅವ್ವ.

ಸುಕನ್ಯಳಿಗೆ ನನ್ನ ನೆನಪು ಹೇಳು, ಈ ಜಗಳದಲ್ಲಿ ಅವಳನ್ನು ಎಳೆಯಬೇಡ. ಪುಟ್ಟಿಯ ಕೆನ್ನೆಗೆ ನನ್ನದೊಂದು, ಅಜ್ಜಿಯದೊಂದು ಮುತ್ತು. ನೀನು ಎಲ್ಲಿದ್ದರೂ ತಣ್ಣಗಿರು, ಮಾರಮ್ಮ ಕಾಯಲಿ.

ನಿನ್ನ ಅಕ್ಕ,
ಯಶೋಧರಾ

ತಾ.ಕ.: ಕವರು ಅಂಟಿಸುವ ಮೊದಲು ಇದನ್ನು ಬರೆಯಲೇಬೇಕಾಯಿತು. ಅವ್ವನಿಗೆ ಸಮಾಧಾನವಾಗಲೆಂದು ಇಟ್ಟಿಗೆ ಕಟ್ಟಿಸುತ್ತಿರುವ ಸುದ್ದಿ ಹೇಳಿದೆ. ಕೂಡಲೇ ಸೀರೆ ಬದಲಿಸಿ ಬಸ್ಸಿಗೆ ಹೊರಟೇಬಿಟ್ಟಳು. ನಾವಿಬ್ಬರೂ ಅಲ್ಲಿಗೆ ಹೋಗುವಷ್ಟರಲ್ಲಿ ಗೋಡೆ ಸೊಂಟದವರೆಗೆ ಎದ್ದಿತ್ತು. ಅದರ ಮೇಲೆ ಕೈಯೂರಿ ಬಹಳ ಹೊತ್ತು ನೋಡಿದಳು. ಕೆಸರಿನ ನಡುವೆ ಒಂದು ಕಲ್ಲಿನ ಸಾಲು ಎದ್ದು ಕಾಣುತ್ತದೆ. ನಾನು ಇಷ್ಟು ದಿನ ಬಂಡೆ ಎಂದುಕೊಂಡಿದ್ದೆ. ‘ಅದು ನಮ್ಮ ಜಗುಲಿ ಕಣಮ್ಮಿ. ನಮ್ಮತ್ತೆ ಅಲ್ಲೇ ರಾಗಿ ಕೇರ್ತಿದ್ದುದು’ ಎಂದಳು. ಕಾಲೋನಿಯಲ್ಲಿದ್ದಾಗ ಪ್ರತಿ ಬೇಸಿಗೆಯೂ ಸೌದೆಯ ನೆಪದಲ್ಲಿ, ಈಗ ನಿನ್ನ ಮನೆ ಎದ್ದಿರುವ ದಿಬ್ಬಕ್ಕೆ ಬಂದು ನೋಡಿಕೊಂಡು ಹೋಗುತ್ತಿದ್ದಳಂತೆ. ಮೇಸ್ತ್ರಿಗೆ ಅವಳೇ ಹೇಳಿದಳು: ‘ಕಿತ್ತಾಕಪ್ಪ ಇದ್ನ. ನೀರು ತುಂಬ್ದಾಗ ಪರದೆ ಎಳ್ಕತೀನಿ, ಇಳ್ದಾಗ ತಗೀತೀನಿ.’ ನಾಳೆ ಇಟ್ಟಿಗೆ ಕೀಳುತ್ತಾರೆ. ಕಾಗದ ಸಿಕ್ಕ ಕೂಡಲೇ ಗಾಜಿನವರಿಗೆ ನೀನೇ ಫೋನು ಮಾಡು, ಗಾಜು ತರಲಿ. ಬಿದಿರು ಮಾತ್ರ ಹಾಕಿಸಬೇಡ ದೇವು.